ರೊಟ್ಟಿ ಊಟದ ಅರ್ಧ ಊರಲ್ಲೇ ಉಳಿದಿದೆ

ತಮ್ಮಾ,

ನೀನು ಬರೆದದ್ದು ಪೂರ್ತಿ ಓದಿದೆ. ಗದಗಿನಿಂದ ಜರ್ಮನಿಯ ಸ್ಟುಟ್‌ಗಾರ್ಟ್‌ಗೆ ಓದಲು ಬಂದಿದ್ದೀಯ. ಬಂದ ಕೆಲವೇ ತಿಂಗಳಲ್ಲಿ ಪ್ಯಾಂಟು ಬಿಗಿಯಾಗಿವೆ, ಮಧ್ಯಾಹ್ನ ಕ್ಲಾಸಿನಲ್ಲಿ ಕಣ್ಣು ಎಳೆಯುತ್ತವೆ. ರಾತ್ರಿ ಅನ್ನ, ಆಲೂಗಡ್ಡೆ. ಇಲ್ಲಾಂದ್ರೆ ಮ್ಯಾಗಿ. ಅದೂ ಬೇಸರವಾದರೆ ಫ್ರೀಜರಿನ ಪರೋಟ. ಜೊತೆಗಿರುವವರು ಸಲಾಡ್ ತಿನ್ನು ಅಂದರು, ತಂದು ನೋಡಿದರೂ ಗಂಟಲಲ್ಲಿ ಇಳಿಯಲಿಲ್ಲ. "ಅಕ್ಕಾ, ಇಲ್ಲಿ ಆರೋಗ್ಯವಾಗಿರಬೇಕು ಅಂದ್ರೆ ಬಾಯಿರುಚಿ ಬಿಡಲೇಬೇಕಾ?" ಅಂತ ಕೇಳಿದ್ದೀಯ.

ಬಿಡಬೇಕಾಗಿಲ್ಲ. ನಾನು ಧಾರವಾಡದವಳು, ಇದೇ ಊರಲ್ಲಿ ಸಂಸಾರ ಹೂಡಿ ವರ್ಷಗಳಾದವು. ನಮ್ಮ ಕಡೆಯ ಎಷ್ಟೋ ಹುಡುಗರು ನಿನ್ನ ಹಾಗೇ ಒದ್ದಾಡಿದ್ದನ್ನು ನೋಡಿದ್ದೇನೆ. ಅದಕ್ಕೇ ಸ್ವಲ್ಪ ಉದ್ದಕ್ಕೆ ಬರೆಯುತ್ತೇನೆ.

ನಿಮ್ಮ ಮನೆಯ ಮಧ್ಯಾಹ್ನದ ತಾಟು ನೆನಪು ಮಾಡಿಕೋ. ಎರಡು ಜೋಳದ ರೊಟ್ಟಿ. ಹೆಸರುಕಾಳಿಂದೋ ಮಡಕಿಕಾಳಿಂದೋ ಪಲ್ಯ. ಬದನೆಕಾಯಿ ಎಣ್ಣೆಗಾಯಿ. ಬದಿಗೆ ಹಸಿ ಉಳ್ಳಾಗಡ್ಡಿ, ಸವತಿಕಾಯಿ, ಮೂಲಂಗಿ, ಒಂದು ಹಿಡಿ ಎಳೆ ಮೆಂತ್ಯ ಸೊಪ್ಪು, ಕಾಲಕ್ಕೆ ಸಿಕ್ಕರೆ ಹಕ್ಕರಕಿ. ಶೇಂಗಾ ಹಿಂಡಿ, ಅಂದರೆ ಶೇಂಗಾ ಚಟ್ನಿಪುಡಿ, ಅದರ ಮೇಲೆ ಮೊಸರು. ಎಲ್ಲಾ ಆದಮೇಲೆ ಕೊನೆಗೆ ಒಂದು ಮುಟಿಗೆ ಅನ್ನ ಸಾರು.

ಈಗ ನಿನ್ನ ಇಲ್ಲಿಯ ತಾಟು ನೋಡು. ಕೊನೆಗೆ ಬರುತ್ತಿದ್ದ ಅನ್ನ ಮೊದಲೇ ಬಂದು ಪೂರ್ತಿ ತಾಟು ಹಿಡಿದು ಕೂತಿದೆ. ಕಾಳು ಹೋಯಿತು, ಸೊಪ್ಪು ಹೋಯಿತು, ಹಸಿ ತರಕಾರಿ ಹೋಯಿತು, ಹಿಂಡಿಯೂ ಹೋಯಿತು. ಊರಲ್ಲಿ ವಾರಕ್ಕೊಮ್ಮೆ ತಿನ್ನುತ್ತಿದ್ದ ಕರಿದ ತಿಂಡಿ ಇಲ್ಲಿ ದಿನದ ಚಿಪ್ಸ್ ಆಗಿದೆ. ಊರಿನ ಊಟ ನಿನಗೆ ಇಷ್ಟ ಅಂತೀಯ, ಸರಿ. ಆದರೆ ಊರಿನ ಊಟವನ್ನೇ ನೀನು ಇಲ್ಲಿ ಉಣ್ಣುತ್ತಿಲ್ಲ. ಅದರಲ್ಲಿ ಬೇಗ ಆಗುವುದು ಯಾವುದೋ ಅದನ್ನಷ್ಟೇ ಹಿಡಿದುಕೊಂಡಿದ್ದೀಯ.

ಸಲಾಡ್ ಸೇರಲಿಲ್ಲ ಅಂತ ಸಂಕಟ ಪಡಬೇಡ. ಎಳೆ ಮೆಂತ್ಯ ಸೊಪ್ಪನ್ನು ಹಸಿಯಾಗಿ, ಕಹಿ ಸಮೇತ ತಿಂದು ಬೆಳೆದವನು ನೀನು. ಹಸಿ ತರಕಾರಿ ನಿನ್ನ ಬಾಯಿಗೆ ಹೊಸದೇನಲ್ಲ. ಫ್ರಿಜ್ಜಿನಿಂದ ಈಗಷ್ಟೇ ತೆಗೆದ ತಣ್ಣನೆ ಎಲೆ, ಮೇಲೆ ಸಿಹಿಸಿಹಿ ಡ್ರೆಸಿಂಗ್, ಖಾರವಿಲ್ಲ, ಒಗ್ಗರಣೆ ಇಲ್ಲ, ಸುತ್ತಿ ತಿನ್ನಲು ರೊಟ್ಟಿ ಇಲ್ಲ. ಹಾಗಿದ್ದರೆ ನನಗೂ ಇಳಿಯುವುದಿಲ್ಲ. ತರಕಾರಿಯನ್ನು ಅರ್ಧ ಗಂಟೆ ಮುಂಚೆ ಹೊರಗೆ ತೆಗೆದಿಡು. ಆಮೇಲೆ ನಮ್ಮ ಪಚಡಿ ಮಾಡುವ ಹಾಗೆ ಮಾಡು.

ಇಲ್ಲಿ ಒಂದು ವಿಶೇಷ ಇದೆ, ಕೇಳು. ಸ್ಟುಟ್‌ಗಾರ್ಟ್ ವಿಮಾನ ನಿಲ್ದಾಣ ಇರುವ ಆ ದೊಡ್ಡ ಬಯಲಿಗೆ ಫಿಲ್ಡರ್ ಅಂತಾರೆ. ಅಲ್ಲಿ ಬೆಳೆಯುವ ಚೂಪು ತಲೆಯ ಕೋಸಿಗೆ ಫಿಲ್ಡರ್‌ಕ್ರೌಟ್ ಅಂತ ಹೆಸರು. ದುಂಡು ಕೋಸಿಗಿಂತ ಎಲೆ ತೆಳು, ಮೆತ್ತಗೆ, ಸ್ವಲ್ಪ ಸಿಹಿ. ಶರತ್ಕಾಲದಲ್ಲಿ ರಾಶಿ ರಾಶಿ ಬರುತ್ತದೆ. ಅರ್ಧ ಕೋಸನ್ನು ಕೂದಲೆಳೆಯಂತೆ ಹೆಚ್ಚು. ಉಪ್ಪು ಹಾಕಿ ಕೈಯಿಂದ ಹಿಚುಕು, ಹತ್ತು ನಿಮಿಷ ಬಿಡು, ಮೆತ್ತಗಾಗುತ್ತದೆ. ಒಂದು ಗಜ್ಜರಿ ತುರಿದು ಹಾಕು. ಹುರಿದ ಶೇಂಗಾ ತರಿತರಿ ಕುಟ್ಟಿ ಎರಡು ಚಮಚ ಹಾಕಿ, ಲಿಂಬೆಹಣ್ಣು ಹಿಂಡು. ಆಮೇಲೆ ಒಂದೇ ಚಮಚ ಎಣ್ಣೆ ಕಾಯಿಸಿ ಸಾಸಿವೆ, ಜೀರಿಗೆ, ಹಸಿಮೆಣಸಿನಕಾಯಿ, ಇಂಗು. ಚಟಪಟ ಅಂದ ಕೂಡಲೇ ಕೋಸಿನ ಮೇಲೆ ಸುರಿದು ಮುಚ್ಚಿಡು. ಮುಚ್ಚಳ ತೆಗೆದಾಗ ಬರುವ ವಾಸನೆಗೆ ನಿನಗೇ ಹಸಿವಾಗುತ್ತದೆ. ಇದನ್ನು ನಮ್ಮ ಮನೆಗೆ ಬರುವ ಜರ್ಮನ್ ಅಜ್ಜಿಯೊಬ್ಬರೂ ಕೇಳಿ ಹಾಕಿಸಿಕೊಳ್ಳುತ್ತಾರೆ.

ಕೋಲ್‌ರಾಬಿ ಅಂತ ಅಂಗಡಿಯಲ್ಲಿ ನೋಡಿರ್ತೀಯ, ನಮ್ಮ ನವಿಲುಕೋಸು. ನಾವು ಬೇಯಿಸಿ ಸಾಂಬಾರಿಗೆ ಹಾಕುತ್ತೇವೆ, ಇಲ್ಲಿಯವರು ಸಿಪ್ಪೆ ತೆಗೆದು ಹಸಿಯಾಗಿಯೇ ಕಡಿಯುತ್ತಾರೆ. ಅವರು ಮಾಡುವುದೇ ಸರಿ ಅನ್ನಿಸುತ್ತದೆ ನನಗೆ. ಬಿಲ್ಲೆ ಮಾಡಿ ಉಪ್ಪು, ಖಾರದಪುಡಿ ಉದುರಿಸು, ಸಂಜೆ ಓದುವಾಗ ಪಕ್ಕಕ್ಕಿರಲಿ. ಸಬ್ಬಸಗಿ ಎಲ್ಲಾ ಅಂಗಡಿಯಲ್ಲೂ ಸಿಗುತ್ತದೆ, ಡಿಲ್ ಅಂತ ಕೇಳು. ಬೇಳೆ ಜೊತೆ ಪಲ್ಯ ಮಾಡಬಹುದು. ಟರ್ಕಿಯವರ ಅಂಗಡಿಯಲ್ಲಿ ಬೇಸಿಗೆಯಲ್ಲಿ ಗೋಣಿ ಸೊಪ್ಪು ಸಹ ಬರುತ್ತದೆ, ಕೊತ್ತಂಬರಿಯ ದೊಡ್ಡ ಕಟ್ಟು ಬೇಕಾದರೂ ಅಲ್ಲಿಗೇ ಹೋಗಬೇಕು. ಊರ ನಡುವೆ ಮಾರ್ಕ್ಟ್‌ಪ್ಲಾಟ್ಸ್‌ನಲ್ಲಿ ಮಂಗಳವಾರ, ಗುರುವಾರ, ಶನಿವಾರ ಸಂತೆ ಇರುತ್ತದೆ. ಒಮ್ಮೆ ಸುಮ್ನೆ ಸುತ್ತಾಡಿ ಬಾ. ಬೆಲೆ ಸೂಪರ್‌ಮಾರ್ಕೆಟ್ಟಿಗಿಂತ ಜಾಸ್ತಿ ಅನ್ನಿಸಬಹುದು, ಆದರೆ ಆಯಾ ಕಾಲದಲ್ಲಿ ಏನು ಬೆಳೆಯುತ್ತದೆ ಅಂತ ಕಣ್ಣಿಗೆ ಗೊತ್ತಾಗುತ್ತದೆ. ಭಾನುವಾರ ಅಂಗಡಿ ಎಲ್ಲಾ ಬಂದ್ ಇರುತ್ತವೆ. ಶನಿವಾರ ತರಕಾರಿ ತಂದಿಡದಿದ್ದರೆ ಭಾನುವಾರ ಮ್ಯಾಗಿಯೇ ಗತಿ.

ಕಾಳಿನ ವಿಷಯಕ್ಕೆ ಬರೋಣ, ನನ್ನ ಮಟ್ಟಿಗೆ ಇದೇ ಮುಖ್ಯ. ಅನ್ನ ಉಂಡು ಎರಡು ತಾಸಿನಲ್ಲೇ ಮತ್ತೆ ಹಸಿವು, ಅದಕ್ಕೇ ಚಿಪ್ಸ್ ಅಂತೀಯಲ್ಲ, ಕಾಳು ತಿಂದರೆ ಹಾಗಾಗುವುದಿಲ್ಲ. ನಾರು, ಪ್ರೋಟೀನ್ ಎರಡೂ ಇರುವುದರಿಂದ ನಿಧಾನವಾಗಿ ಕರಗುತ್ತದೆ, ರಕ್ತದಲ್ಲಿ ಸಕ್ಕರೆ ಒಮ್ಮೆಲೇ ಏರುವುದಿಲ್ಲ. ಶುಕ್ರವಾರ ರಾತ್ರಿ ಹೆಸರುಕಾಳು ನೆನೆಹಾಕು. ಬೆಳಿಗ್ಗೆ ನೀರು ಬಸಿದು ಒದ್ದೆ ಬಟ್ಟೆಯಲ್ಲಿ ಕಟ್ಟಿ ಹೀಟರಿನ ಹತ್ತಿರ ಇಡು. ಇಲ್ಲಿಯ ಚಳಿಗೆ ಅಡುಗೆಮನೆ ಕಟ್ಟೆಯ ಮೇಲಿಟ್ಟರೆ ಮೊಳಕೆ ಬರಲು ತುಂಬಾ ತಡ. ಒಮ್ಮೆ ಪಲ್ಯ ಮಾಡಿದರೆ ಮೂರು ದಿನಕ್ಕೆ ಆಗುತ್ತದೆ. ಉಳಿದ ಮೊಳಕೆಯನ್ನು ಸಂಜೆಯ ಗಿರ್ಮಿಟ್ಟಿಗೆ ಹಾಕು. ಚುರುಮುರಿ ಸ್ವಲ್ಪ ಕಡಿಮೆ ಮಾಡಿ, ಮೊಳಕೆ, ಉಳ್ಳಾಗಡ್ಡಿ, ಟೊಮ್ಯಾಟೊ, ಕೊತ್ತಂಬರಿ ಜಾಸ್ತಿ ಮಾಡು. ಹುಣಸೆ ಬೆಲ್ಲದ ಗೊಜ್ಜು, ಪುಟಾಣಿ ಹಿಟ್ಟು ಹಾಗೇ ಇರಲಿ. ಅವಿಲ್ಲದೆ ಗಿರ್ಮಿಟ್ ಆಗುವುದಿಲ್ಲ.

ನಿಮ್ಮ ಮೆನ್ಸಾದಲ್ಲಿ, ಅಂದರೆ ಯೂನಿವರ್ಸಿಟಿ ಕ್ಯಾಂಟೀನಿನಲ್ಲಿ, ಆಗಾಗ ಬೇಳೆ ಮತ್ತು ಶ್ಪೆಟ್ಸ್‌ಲೆ ಅನ್ನುವ ಮೆತ್ತನೆ ನೂಡಲ್ಸ್ ಇರುತ್ತದೆ. ಈ ಸೀಮೆಯ ಹಳೆಯ ಊಟ ಅದು, ಬೇಳೆಗೆ ವಿನಿಗರ್ ಹಾಕಿ ಹುಳಿ ಮಾಡುತ್ತಾರೆ. ನಮ್ಮ ಬಾಯಿಗೆ ಚೆನ್ನಾಗೇ ಹೊಂದುತ್ತದೆ. ಆದರೆ ಜೊತೆಗೆ ಸಾಸೇಜ್ ಇಡುತ್ತಾರೆ, ಕೆಲವು ಕಡೆ ಬೇಳೆಯಲ್ಲೇ ಹಂದಿಮಾಂಸದ ಚೂರು ಹಾಕಿ ಬೇಯಿಸುತ್ತಾರೆ. ನೀನು ಮಾಂಸ ತಿನ್ನುವುದಿಲ್ಲವಲ್ಲ, ಕೇಳಿ ತಗೋ.

ರೊಟ್ಟಿ ಬರುವುದಿಲ್ಲ, ಒಡೆಯುತ್ತದೆ ಅಂತ ಬರೆದಿದ್ದೀಯ. ಇಲ್ಲಿ ಪ್ಯಾಕೆಟ್ಟಿನಲ್ಲಿ ಬರುವ ಜೋಳದ ಹಿಟ್ಟು ಬೀಸಿ ಬಹಳ ದಿನ ಆಗಿರುತ್ತದೆ, ಜಿಗಿ ಹೋಗಿರುತ್ತದೆ. ಜೋಳದಲ್ಲಿ ಗೋಧಿಯಲ್ಲಿರುವ ಅಂಟು ಮೊದಲೇ ಇಲ್ಲ. ಹಿಟ್ಟು ಒಂದಕ್ಕೊಂದು ಹಿಡಿದುಕೊಳ್ಳುವುದು ಬಿಸಿನೀರಲ್ಲಿ ಬೆಂದಾಗ ಮಾತ್ರ. ಹಾಗಾಗಿ ಉಗುರುಬೆಚ್ಚಗಿನ ನೀರು ಸಾಲದು. ಒಂದು ಬಟ್ಟಲು ನೀರಿಗೆ ಚಿಟಿಕೆ ಉಪ್ಪು ಹಾಕಿ ಕಳಕಳ ಕುದಿಸು. ಒಲೆ ಆರಿಸಿ ಒಂದು ಬಟ್ಟಲು ಹಿಟ್ಟು ಸುರಿದು, ಕಲಕಿ, ಮುಚ್ಚು. ಕೈ ತಾಳುವಷ್ಟು ಬಿಸಿ ಇರುವಾಗಲೇ ಅಂಗೈ ಬುಡದಿಂದ ನಾದು, ಬೇಕಾದರೆ ಒಣಹಿಟ್ಟು ಸೇರಿಸು. ಇಲ್ಲೇ ಆತುರ ಮಾಡಬಾರದು. ಅಂಚು ಬಿರಿಯದೆ ಉಂಡೆ ನುಣ್ಣಗಾಗುವವರೆಗೂ ನಾದಬೇಕು. ಬಡಿಯಲು ಬರದಿದ್ದರೆ ಲಟ್ಟಿಸು, ಯಾರೂ ಏನೂ ಅನ್ನುವುದಿಲ್ಲ. ರಾತ್ರಿ ಹತ್ತರಿಂದ ಬೆಳಿಗ್ಗೆ ಆರರವರೆಗೆ ಇಲ್ಲಿ ಸದ್ದು ಮಾಡಬಾರದು ಅಂತ ನಿಯಮ, ಆ ಹೊತ್ತಲ್ಲಿ ಬಡಿಯಲು ಹೇಗೂ ಆಗದು. ತವೆಗೆ ಹಾಕಿ ಮೇಲೆ ನೀರು ಸವರು, ಆರಿದ ಮೇಲೆ ತಿರುವಿ ಹಾಕು. ಕರೆಂಟ್ ಒಲೆಯಲ್ಲಿ ಉರಿ ಇಲ್ಲವಲ್ಲ, ಬಟ್ಟೆ ಉಂಡೆ ಮಾಡಿ ಅಂಚಿಗೆ ಒತ್ತುತ್ತಾ ಹೋಗು, ಉಬ್ಬುತ್ತದೆ.

ರೊಟ್ಟಿ ಮಾಡಲು ಪುರಸೊತ್ತಿಲ್ಲದ ದಿನಕ್ಕೆ ರೈ ಬ್ರೆಡ್ ತಂದಿಟ್ಟುಕೋ. ಕಪ್ಪಗೆ, ಗಟ್ಟಿ, ಹುಳಿ ಇರುತ್ತದೆ. ಮೊದಲ ಸಲ ನಿನಗೆ ಹಿಡಿಸುವುದಿಲ್ಲ, ಇದನ್ನು ಈಗಲೇ ಹೇಳಿಬಿಡುತ್ತೇನೆ. ಮತ್ತೆ ಮತ್ತೆ ಸ್ವಲ್ಪ ಸ್ವಲ್ಪ ತಿಂದರೆ ಬಾಯಿ ಒಗ್ಗಿಕೊಳ್ಳುತ್ತದೆ ಅನ್ನುವುದು ಮಕ್ಕಳ ಮೇಲೆ, ದೊಡ್ಡವರ ಮೇಲೆ ನಡೆದ ಎಷ್ಟೋ ಅಧ್ಯಯನಗಳಲ್ಲಿ ಕಂಡಿದೆ. ಉಪ್ಪಿಗೂ ಅಷ್ಟೇ. ಮೆಲ್ಲಗೆ ಕಡಿಮೆ ಮಾಡಿದರೆ ಕೆಲವು ವಾರಗಳಲ್ಲಿ ನಾಲಿಗೆ ಅದಕ್ಕೇ ಹೊಂದಿಕೊಂಡು, ಹಳೆಯ ಚಿಪ್ಸ್ ವಿಪರೀತ ಉಪ್ಪು ಅನ್ನಿಸುತ್ತದೆ. ಬ್ರೆಡ್ಡನ್ನು ತೆಳ್ಳಗೆ ಕೊಯ್ದು ತವೆಯ ಮೇಲೆ ಗರಿಗರಿ ಮಾಡು, ಮೇಲೆ ಕ್ವಾರ್ಕ್ ಸವರಿ ಶೇಂಗಾ ಹಿಂಡಿ ಉದುರಿಸು. ಕ್ವಾರ್ಕ್ ಅಂದರೆ ನೀರು ಬಸಿದ ಗಟ್ಟಿ ಮೊಸರು, ನಮ್ಮ ಚಕ್ಕಾ ತರಹದ್ದು. ಕೊಬ್ಬು ತೆಗೆದ ಕ್ವಾರ್ಕಿನಲ್ಲಿ 100 ಗ್ರಾಂಗೆ ಸುಮಾರು 12 ಗ್ರಾಂ ಪ್ರೋಟೀನ್ ಇರುತ್ತದೆ. ಮಾಂಸ ತಿನ್ನದ ನಮಗೆ ಇದು ದೊಡ್ಡ ಆಸರೆ, ಬೆಲೆಯೂ ಕಡಿಮೆ.

ಇನ್ನೊಂದು ಖುಷಿಯ ವಿಷಯ ಹೇಳಲಾ? ಅಗಸಿ ಇಲ್ಲಿ ಎಲ್ಲಾ ಸೂಪರ್‌ಮಾರ್ಕೆಟ್ಟಿನಲ್ಲೂ ಸಿಗುತ್ತದೆ. ಲೈನ್‌ಜಾಮೆನ್ ಅಂತ ಬರೆದಿರುತ್ತಾರೆ. ಇಲ್ಲಿಯವರು ಅದನ್ನು ಓಟ್ಸಿಗೆ ಹಾಕಿಕೊಳ್ಳುತ್ತಾರೆ, ನೀನು ಅಗಸಿ ಹಿಂಡಿ ಮಾಡಿಕೋ. ಸಣ್ಣ ಉರಿಯಲ್ಲಿ ಸಿಡಿಯುವವರೆಗೂ ಹುರಿದು, ಬೆಳ್ಳುಳ್ಳಿ, ಜೀರಿಗೆ, ಒಣಮೆಣಸಿನಕಾಯಿ, ಸ್ವಲ್ಪ ಹುಣಸೆ, ಉಪ್ಪು ಹಾಕಿ ಪುಡಿ ಮಾಡು. ಇಡೀ ಕಾಳು ನುಂಗಿದರೆ ಹಾಗೇ ಹೊರಗೆ ಹೋಗುತ್ತದೆ, ಪುಡಿ ಮಾಡಿದರೇ ಅದರ ಒಮೆಗಾ 3 ಮೈಗೆ ಹತ್ತುವುದು. ಪುಡಿ ಬೇಗ ಕನರುತ್ತದೆ. ಸ್ವಲ್ಪ ಸ್ವಲ್ಪವೇ ಮಾಡಿ ಫ್ರಿಜ್ಜಿನಲ್ಲಿಡು, ಊಟಕ್ಕೆ ಒಂದು ಚಮಚ ಸಾಕು.

ಮಿರ್ಚಿ ಬಿಡಬೇಕಾ ಅಂತ ಕೇಳಿದ್ದೀಯ. ಬಿಡಬೇಡ. ಏರ್ ಫ್ರೈಯರಿನಲ್ಲಿ ಮಾಡಿ ಮನಸ್ಸಿಗೆ ಸಮಾಧಾನ ಹೇಳಿಕೊಳ್ಳುವುದೂ ಬೇಡ, ಅದು ಮಿರ್ಚಿ ಅಲ್ಲ. ತಿಂಗಳಿಗೊಮ್ಮೆ ನಾಲ್ಕು ಜನ ಸೇರಿ, ಎಣ್ಣೆ ಕಾಯಿಸಿ, ಸರಿಯಾದ ಮಿರ್ಚಿ ಮಾಡಿ ಬಿಸಿಬಿಸಿ ತಿನ್ನಿ. ಬೆಟಗೇರಿಯ ಸಂಜೆಯಲ್ಲಿ ನೀನು ತಿನ್ನುತ್ತಿದ್ದದ್ದೂ ಗೆಳೆಯರ ಜೊತೆ ನಿಂತುಕೊಂಡೇ ಅಲ್ವಾ? ಇಲ್ಲಿ ಡಿಸೆಂಬರಿನಲ್ಲಿ ನಾಲ್ಕೂವರೆಗೇ ಕತ್ತಲಾಗುತ್ತದೆ. ಒಬ್ಬನೇ ಕೋಣೆಯಲ್ಲಿ ಕೂತಾಗ ಕೈ ತಾನಾಗಿ ಚಿಪ್ಸ್ ಪ್ಯಾಕೆಟ್ಟಿಗೆ ಹೋಗುತ್ತದೆ. ಆಗ ಬೇಕಾಗಿರುವುದು ಮಾತು, ಜೊತೆ. ಅಂಥ ದಿನ ಅವ್ವನಿಗೆ ಫೋನ್ ಹಚ್ಚಿ ಮಾತಾಡುತ್ತಲೇ ಪಲ್ಯಕ್ಕೆ ತರಕಾರಿ ಹೆಚ್ಚು. ಪಕ್ಕದ ಕೋಣೆಯವನನ್ನು ಊಟಕ್ಕೆ ಕರಿ. ಸಾರು ಅನ್ನ ಬೇಕನ್ನಿಸಿದರೆ ಅದನ್ನೇ ಉಣ್ಣು. ಸಾರಿನ ಬೇಳೆ ದಪ್ಪಗಿರಲಿ, ಪಕ್ಕಕ್ಕೆ ಪಚಡಿ ಇರಲಿ.

ದಣಿವಿನ ಬಗ್ಗೆ ಒಂದು ಮಾತು. ಅದೆಲ್ಲಾ ಊಟದಿಂದಲೇ ಅಂದುಕೊಳ್ಳಬೇಡ. ಅಕ್ಟೋಬರಿನಿಂದ ಮಾರ್ಚ್‌ವರೆಗೆ ಇಲ್ಲಿಯ ಬಿಸಿಲಿಗೆ ಚರ್ಮದಲ್ಲಿ ವಿಟಮಿನ್ ಡಿ ಸರಿಯಾಗಿ ತಯಾರಾಗುವುದೇ ಇಲ್ಲ. ಸಸ್ಯಾಹಾರಿಗಳಿಗೆ ಬಿ12 ಸಹ ಕಡಿಮೆ ಆಗಿರಬಹುದು. ಮನೆ ಹತ್ತಿರದ ಡಾಕ್ಟರ ಬಳಿ ಹೋಗಿ ದಣಿವು ಇದೆ ಅಂತ ಹೇಳು, ರಕ್ತ ಪರೀಕ್ಷೆ ಬೇಕೇನು ಕೇಳು. ಮಾತ್ರೆ ನೀನೇ ತಂದು ನುಂಗಬೇಡ. ದಕ್ಷಿಣ ಏಷ್ಯಾದ ನಮ್ಮಂಥವರಿಗೆ ಸಕ್ಕರೆ ಕಾಯಿಲೆ ಯುರೋಪಿನವರಿಗಿಂತ ಚಿಕ್ಕ ವಯಸ್ಸಿನಲ್ಲಿ, ಕಡಿಮೆ ತೂಕದಲ್ಲೇ ಬರುತ್ತದೆ. ಮನೆಯಲ್ಲಿ ಯಾರಿಗಾದರೂ ಇದ್ದರೆ ಅದನ್ನೂ ಡಾಕ್ಟರಿಗೆ ಹೇಳು. ನಿನ್ನನ್ನು ಹೆದರಿಸಲು ಹೇಳುತ್ತಿಲ್ಲ. ಇಪ್ಪತ್ತೈದರ ಒಳಗೇ ಊಟ ಸರಿ ಮಾಡಿಕೊಂಡ ಹುಡುಗರು ನಲವತ್ತರಲ್ಲಿ ಆರಾಮಾಗಿರುವುದನ್ನು ನೋಡುತ್ತಿದ್ದೇನೆ, ಅದಕ್ಕೆ.

ಕೊನೆಗೆ, ನಿನ್ನ ಅಣ್ಣ ಊರಿಂದ ಬರುವಾಗ ಏನು ತರಿಸಲಿ ಅಂತ ಕೇಳಿದ್ದೀಯ. ಗುರೆಳ್ಳು ಹಿಂಡಿ ಮೊದಲು, ಗುರೆಳ್ಳು ಇಲ್ಲಿ ಸುಲಭಕ್ಕೆ ಸಿಗುವುದಿಲ್ಲ. ಬ್ಯಾಡಗಿ ಮೆಣಸಿನಕಾಯಿ ಪುಡಿ ಅರ್ಧ ಕಿಲೋ, ಬಣ್ಣ ಚೆನ್ನಾಗಿ ಬರುತ್ತದೆ, ಖಾರ ಮಿತಿಯಲ್ಲಿರುತ್ತದೆ. ಮಡಕಿಕಾಳು ಒಂದು ಕಿಲೋ. ಹೊಸದಾಗಿ ಬೀಸಿದ ಜೋಳದ ಹಿಟ್ಟು ಎರಡು ಕಿಲೋ, ಕಟಕ ರೊಟ್ಟಿ ಒಂದು ಕಟ್ಟು. ರೊಟ್ಟಿಯನ್ನು ಸ್ಟೀಲ್ ಡಬ್ಬಿಯಲ್ಲಿಟ್ಟು ತರಲಿ, ಇಲ್ಲಾಂದ್ರೆ ಪುಡಿಯಾಗುತ್ತದೆ. ತುಪ್ಪ ಬೇಡ. ಯುರೋಪಿನ ಹೊರಗಿನಿಂದ ಹಾಲಿನ ಪದಾರ್ಥ ತರುವಂತಿಲ್ಲ. ಹಸಿ ಕರಿಬೇವೂ ಬೇಡ. 2019ರ ಡಿಸೆಂಬರಿನಿಂದ ಹಸಿ ಸೊಪ್ಪು ತರಕಾರಿಗೆ ಸರ್ಟಿಫಿಕೇಟ್ ಕೇಳುತ್ತಾರೆ. ನಮ್ಮ ಮನೆಯ ಕುಂಡದಲ್ಲಿ ಕರಿಬೇವು ಇದೆ, ಕಿಟಕಿ ಪಕ್ಕ ಚೆನ್ನಾಗಿ ಬೆಳೆದಿದೆ. ಬೇಕಾದಾಗ ಬಂದು ಕಿತ್ತುಕೊಂಡು ಹೋಗು.