ನಮ್ಮೂರ ಹಳೇ ಕಲ್ಲಿನ ಸಾಲಿ ಕೆಡವಿ ಸ್ಲ್ಯಾಬ್ ಹಾಕ್ತೀವಿ ಅಂತಾರ, ಅದರಾಗ ಅಂಥಾ ಬೆಲೆ ಏನದ?

ಬೆಲೆ ಬರೇ ವಯಸ್ಸಿಗಲ್ಲ, ಆ ಕಟ್ಟಡನೇ ಒಂದು ದಾಖಲೆ, ಅದಕ್ಕ. 1948ರ ತನಕ ಕಲಬುರಗಿ, ಬೀದರ, ಯಾದಗಿರಿ ಕಡಿ ನಿಜಾಮನ ಆಡಳಿತ ಇತ್ತು, ಸರ್ಕಾರಿ ಸಾಲ್ಯಾಗ ಉರ್ದೂದ್ದೇ ಜೋರು, ಮನ್ಯಾಗ ಕನ್ನಡ ಮಾತಾಡೋ ಹುಡುಗ್ರೂ ಅಲೀಫ್ ಬೇ (ಉರ್ದೂ ಅಕ್ಷರ) ತಿದ್ದೇ ಮುಂದ ಬಂದವ್ರು. ಅದರ ಕಾಗದಪತ್ರ ಊರಾಗ ಎಲ್ಲಿ ಉಳಿದಾವ ಹೇಳ್ರಿ? ಗ್ವಾಡಿ ಮಾತ್ರ ಉಳಿದದ.

ಸುಮ್ಮ ಒಳಗ ಹೋಗಿ ನೋಡ್ರಿ. ಬಾಗಿಲ ಮ್ಯಾಲ ಏನರ ಕೆತ್ತ್ಯಾರೇನು, ಕಲ್ಲಿನ ಮ್ಯಾಲ ಉಳಿ ಏಟು ಕಾಣ್ತಾವೇನು, ಹುಡುಗ್ರು ಕುಂತು ಕುಂತು ನುಣುಪಾದ ಶಹಾಬಾದ ಪರ್ಸಿ ಅದ ಏನು (ನೆಲಕ್ಕ ಹಾಸೋ ಸುಣ್ಣದ ಕಲ್ಲು ಅದು, ನಮ್ಮ ನೆಲದ್ದೇ). ದಪ್ಪ ಗ್ವಾಡಿಗೆ ಬಿಸಿಲಿನ ಕಾವು ಒಳಗ ಬರೋದು ನಿಧಾನ, ಬ್ಯಾಸಗ್ಯಾಗ ತಗಡಿನ ರೂಮಿನಾಗ ಕುಂತವರಿಗೆ ಇದು ಬಿಡಿಸಿ ಹೇಳೋದೇ ಬ್ಯಾಡ.

ಕೆಡವಲಿಲ್ಲಂದ್ರೂ "ರಿಪೇರಿ" ಅಂತ ಸಿಮೆಂಟ್ ಮೆತ್ತಿದ್ರ ಅರ್ಧ ಕೆಡವಿದಂಗ. ಹಳೇ ಗ್ವಾಡಿ ಸುಣ್ಣದ ಗಚ್ಚಿಂದು, ಅದು ಮಳ್ಯಾಗ ತ್ಯಾವ ಹೀರಿ ಆಮ್ಯಾಲ ಗಾಳಿಗೆ ಬಿಡ್ತದ, ಸಿಮೆಂಟ್ ಆ ದಾರಿನೇ ಮುಚ್ಚಿಬಿಡ್ತದ, ತ್ಯಾವ ಒಳಗ ಸಿಕ್ಕೊಂಡು ಉಪ್ಪು ಮ್ಯಾಲೆದ್ದು ಕಲ್ಲು ಪದರು ಪದರಾಗಿ ಉದುರ್ತದ, ಆಮ್ಯಾಲ ಎಂಜಿನಿಯರ್ ಬಂದು ಬಿಲ್ಡಿಂಗ್ ವೀಕ್ ಅದ ಅಂತ ಬರೀತಾನ. ಮಾಳಿಗಿ ಸೋರಿದ್ರ ಮೊದಲು ಅದನ್ನ ಬಂದ್ ಮಾಡಿಸ್ರಿ, ಸಂದಿಗೆ ಸುಣ್ಣದ ಗಚ್ಚೇ ತುಂಬಸ್ರಿ, ಹೊಸ ರೂಮ್ ಬೇಕಂದ್ರ ಬಾಜೂಕ ಕಟ್ರಿ. ಕೆಡವೋದು ಖಾತ್ರಿನೇ ಅಂದ್ರ ಅದಕ್ಕಿಂತ ಮೊದಲು ಬಾಗಿಲು, ಕೆತ್ತನಿ, ಹಳೇ ಹಾಜರಿ ಪುಸ್ತಕ ಎಲ್ಲಾ ಫೋಟೋ ಹೊಡಕೊಂಡು ಇಟ್ಕೋರಿ.