ಬೀಜ ಬೇರೆ, ಹಾಲು ಬೇರೆ

ಓದುಗರ ಪತ್ರ: ಕಳೆದ ಸಂಚಿಕೆಯಲ್ಲಿ ಗಸಗಸೆ ಪಾಯಸ ಮಾಡುವ ವಿಧಾನ ಕೊಟ್ಟಿದ್ದೀರಿ. ನಮ್ಮ ಮನೆಯಲ್ಲಿ ಅದನ್ನು ಕುಡಿದವರೆಲ್ಲ ಮಧ್ಯಾಹ್ನ ಗಡದ್ದಾಗಿ ಮಲಗುತ್ತಾರೆ. ಗಸಗಸೆಯಲ್ಲಿ ಅಫೀಮು ಇದೆಯಂತೆ, ನಿಜವೇ? ಇದ್ದರೆ ಅಂಗಡಿಯಲ್ಲಿ ಮಾರಲು ಹೇಗೆ ಬಿಡುತ್ತಾರೆ? ಹಿತ್ತಲಲ್ಲಿ ಒಂದು ಹಿಡಿ ಚೆಲ್ಲಿದರೆ ಗಿಡ ಬರುತ್ತದೆಯೇ? ಇಂಗ್ಲೆಂಡಿನವರು ನವೆಂಬರಿನಲ್ಲಿ ಕೋಟಿಗೆ ಸಿಕ್ಕಿಸಿಕೊಳ್ಳುವ ಕೆಂಪು ಹೂವೂ ಇದೇನಾ? ನಮ್ಮ ಬೇಲಿಯಲ್ಲಿ ಹಳದಿ ಹೂ ಬಿಡುವ ಮುಳ್ಳುಗಿಡವನ್ನು ಪಕ್ಕದ ಮನೆಯವರು ಕಾಡುಗಸಗಸೆ ಎನ್ನುತ್ತಾರೆ. ಶಾರ್ಜಾದಲ್ಲಿರುವ ಮಗಳಿಗೆ ದೀಪಾವಳಿಗೆ ಕಾಲು ಕಿಲೋ ಗಸಗಸೆ ಕಳಿಸೋಣವೆಂದಿದ್ದೇನೆ.
(ದಾವಣಗೆರೆಯ ಓದುಗರು)

ಸಂಪಾದಕರ ಉತ್ತರ:

ಕೊನೆಯ ಮಾತಿಗೆ ಮೊದಲು ಉತ್ತರ ಹೇಳಿಬಿಡುತ್ತೇವೆ, ಹಬ್ಬ ಹತ್ತಿರವಿದೆ. ದಯವಿಟ್ಟು ಕಳಿಸಬೇಡಿ. ಶಾರ್ಜಾ ಇರುವ ಯುಎಇಯಲ್ಲಿ ಗಸಗಸೆ ಬೀಜ ನಿಷಿದ್ಧ. ಸೌದಿ ಅರೇಬಿಯಾ ಮತ್ತು ಸಿಂಗಪುರದಲ್ಲೂ ಹಾಗೆಯೇ. ಅಲ್ಲಿನ ವಿಮಾನ ನಿಲ್ದಾಣದಲ್ಲಿ ಅದು ಸಾಂಬಾರ ಪದಾರ್ಥ ಅನ್ನಿಸಿಕೊಳ್ಳುವುದಿಲ್ಲ, ಮಾದಕ ವಸ್ತುವಿನ ಲೆಕ್ಕಕ್ಕೆ ಬರುತ್ತದೆ. ಅಡುಗೆಗೆಂದು ತಂದೆ ಎಂಬ ಮಾತು ಅಲ್ಲಿ ನಡೆಯುವುದಿಲ್ಲ. ಬೀಜದ ಪೊಟ್ಟಣವನ್ನು ತೆಗೆದಿಟ್ಟರೆ ಸಾಲದು. ಕರ್ಜಿಕಾಯಿಯ ಹೂರಣಕ್ಕೆ ಗಸಗಸೆ ಹಾಕಿದ್ದೀರಾ, ಕಜ್ಜಾಯದ ಮೇಲೆ ಉದುರಿಸಿದ್ದೀರಾ, ಕುರ್ಮಾ ಪುಡಿಗೆ ಹುರಿದು ಹಾಕಿದ್ದೀರಾ, ನೆನಪು ಮಾಡಿಕೊಳ್ಳಿ. ಹಾಕಿದ್ದರೆ ಅವೂ ಬೇಡ. ಕರ್ಜಿಕಾಯಿಗೆ ಕೊಬ್ಬರಿ, ಸಕ್ಕರೆ, ಹುರಿಗಡಲೆ ಹಿಟ್ಟು, ಏಲಕ್ಕಿ ಇಷ್ಟೇ ಹಾಕಿ ಕಳಿಸಿ.

ನಮ್ಮಲ್ಲಿ ದಿನಸಿ ಅಂಗಡಿಯಲ್ಲಿ ಸಿಗುವುದು ಅಲ್ಲಿ ಜೈಲಿಗೆ ಕಳಿಸುವುದು ಯಾಕೆ? ಇದು ತಿಳಿಯಬೇಕಾದರೆ ಗಸಗಸೆಯ ಕಾಯನ್ನು ಹತ್ತಿರದಿಂದ ನೋಡಬೇಕು. ದಾಳಿಂಬೆಯ ಮಿಡಿಯಷ್ಟು ಗಾತ್ರ, ತಲೆಯ ಮೇಲೆ ಕಿರೀಟದಂಥ ಚಪ್ಪಟೆ ಬಿಲ್ಲೆ. ಅಫೀಮಿನ ಹಾಲು ಹರಿಯುವ ನಾಳಗಳೆಲ್ಲ ಕಾಯಿಯ ಗೋಡೆಯೊಳಗಿವೆ. ಬೀಜದಲ್ಲಿ ಆ ನಾಳಗಳೇ ಇಲ್ಲ. ಕಾಯಿ ಒಡೆದು ಬೀಜ ತೆಗೆಯುವಾಗ ಸಿಪ್ಪೆಯ ಪುಡಿ, ಒಣಗಿದ ಹಾಲು ಮೈಗೆ ಅಂಟಿಕೊಂಡು ಬರುತ್ತವೆ. ಬೀಜದಲ್ಲಿ ಸಿಗುವ ಮಾರ್ಫಿನ್, ಅಂದರೆ ಅಫೀಮಿನ ಅಮಲಿನ ಅಂಶ, ಬಹುಪಾಲು ಹೀಗೆ ಅಂಟಿದ್ದೇ. ಹಾಗಾಗಿ ಒಂದು ಮೂಟೆಗೂ ಇನ್ನೊಂದಕ್ಕೂ ಅಜಗಜಾಂತರ ಇರುತ್ತದೆ. 1985ರ ನಮ್ಮ ಮಾದಕ ವಸ್ತು ಕಾಯ್ದೆ ಗಿಡದ ಈ ರಚನೆಯನ್ನೇ ಅನುಸರಿಸಿದೆ. ಕೊಯ್ಲಾದ ಗಿಡದ ಎಲ್ಲ ಭಾಗವೂ ನಿರ್ಬಂಧಿತ, ‘ಬೀಜವೊಂದನ್ನು ಬಿಟ್ಟು’. ನಮ್ಮ ಅಭಿಪ್ರಾಯದಲ್ಲಿ ಇದು ತಿಳಿವಳಿಕೆಯ ಗೆರೆ. ಆದರೆ ಎಲ್ಲ ದೇಶಗಳೂ ಗೆರೆಯನ್ನು ಅಲ್ಲೇ ಎಳೆದಿಲ್ಲ.

ಇನ್ನು ಪಾಯಸ. ಯುರೋಪಿಯನ್ ಒಕ್ಕೂಟ 2022ರಿಂದ ಮಾರಾಟದ ಗಸಗಸೆಗೆ ಕಿಲೋಗೆ 20 ಮಿಲಿಗ್ರಾಂ ಮಾರ್ಫಿನ್ ಎಂಬ ಮಿತಿ ಹಾಕಿದೆ. ನಾಲ್ಕು ಜನರ ಪಾಯಸಕ್ಕೆ 40 ಗ್ರಾಂ ಬೀಜ ಬಳಸಿದರೆ ತಲೆಗೆ 10 ಗ್ರಾಂ, ಅಂದರೆ ಆ ಮಿತಿಯ ಬೀಜದಲ್ಲಿ 0.2 ಮಿಲಿಗ್ರಾಂ. ಅಲ್ಲಿನ ಆಹಾರ ಸುರಕ್ಷತಾ ಸಂಸ್ಥೆ ಒಮ್ಮೆಗೆ ಸುರಕ್ಷಿತವೆಂದು ಹೇಳಿರುವುದು ದೇಹದ ತೂಕದ ಕಿಲೋಗೆ 10 ಮೈಕ್ರೋಗ್ರಾಂ. 60 ಕಿಲೋ ತೂಕದವರಿಗೆ 0.6 ಮಿಲಿಗ್ರಾಂ. ತೊಳೆದು, ಹುರಿದು, ರುಬ್ಬಿ, ಕುದಿಸುವ ಹೊತ್ತಿಗೆ ಇದ್ದದ್ದರಲ್ಲೂ ಸಾಕಷ್ಟು ಹೋಗಿರುತ್ತದೆ. ನಿಮ್ಮ ಮನೆಯವರ ಮಧ್ಯಾಹ್ನದ ನಿದ್ದೆಗೆ ಹೋಳಿಗೆ, ತುಪ್ಪ, ಬೆಲ್ಲದ ಪಾಲೇ ದೊಡ್ಡದು. ಆದರೆ ಕೊಳಕು ಬೀಜದಲ್ಲಿ ಮಾರ್ಫಿನ್ ಆ ಮಿತಿಗಿಂತ ಹಲವು ಪಟ್ಟು ಇರಬಹುದು, ಆದ್ದರಿಂದ ತೊಳೆಯುವುದನ್ನು ಬಿಡಬೇಡಿ. ತೆಳು ಬಟ್ಟೆಯಲ್ಲಿ ಸಡಿಲವಾಗಿ ಕಟ್ಟಿ ಬಿಸಿನೀರಿನಲ್ಲಿ ಎರಡು ಸಲ ಅದ್ದಿ ತೆಗೆದು ಆ ನೀರು ಚೆಲ್ಲಿ. ಆರಿದ ಮೇಲೆ ಸಣ್ಣ ಉರಿಯಲ್ಲಿ ಹುರಿಯಿರಿ. ಘಮ ಬಂದ ಕೂಡಲೇ ಇಳಿಸಬೇಕು, ಬಣ್ಣ ತಿರುಗಿದರೆ ಪಾಯಸ ಕಹಿ. ಬೀಜದಲ್ಲಿ ಅರ್ಧದ ಹತ್ತಿರ ಎಣ್ಣೆಯೇ ಇರುವುದರಿಂದ ಹಳೆಯದಾದರೆ ಕಮಟುತ್ತದೆ; ನೂರು ಗ್ರಾಂಗಿಂತ ಹೆಚ್ಚು ಒಮ್ಮೆಗೆ ಕೊಳ್ಳಬೇಡಿ. ರಾಜಗಿರಿ ಬೆರೆಸಿ ಮಾರುವವರೂ ಇದ್ದಾರೆ. ಭೂತಗನ್ನಡಿ ಹಿಡಿದು ನೋಡಿ: ಗಸಗಸೆ ಮೂತ್ರಪಿಂಡದ ಆಕಾರ, ಮೈತುಂಬ ಬಲೆಯ ಗೆರೆ. ರಾಜಗಿರಿ ದುಂಡಗೆ, ನುಣ್ಣಗೆ, ಹೊಳೆಯುತ್ತದೆ.

ಕೂಸು ನಿದ್ದೆ ಮಾಡಲಿ ಎಂದು ಗಸಗಸೆ ಅರೆದು ಹಾಲಿಗೆ ಹಾಕಿ ಕುಡಿಸುವುದು ಮಾತ್ರ ಬೇಡವೇ ಬೇಡ. ಹತ್ತು ಕಿಲೋ ತೂಕದ ಮಗುವಿಗೆ ಮೇಲಿನ ಲೆಕ್ಕದಲ್ಲಿ ಮಿತಿ 0.1 ಮಿಲಿಗ್ರಾಂ, ಅಂದರೆ ದೊಡ್ಡವರ ಒಂದು ಲೋಟ ಪಾಯಸದ ಅರ್ಧ. ಮಾರ್ಫಿನ್ ಉಸಿರಾಟವನ್ನೇ ನಿಧಾನ ಮಾಡುತ್ತದೆ. ತೊಳೆಯದ ಬೀಜವನ್ನು ನೀರಿನಲ್ಲಿ ನೆನೆಸಿ ‘ಟೀ’ ಮಾಡಿ ಕುಡಿದು ಅಮೆರಿಕದಲ್ಲಿ ದೊಡ್ಡವರೇ ಸತ್ತಿದ್ದಾರೆ. ಕೆಲಸಕ್ಕೆ ಸೇರುವ ಮುನ್ನ ಮೂತ್ರ ಪರೀಕ್ಷೆಗೆ ಹೋಗುವವರು ಎರಡು ಮೂರು ದಿನ ಗಸಗಸೆ ಬಿಡುವುದು ಒಳ್ಳೆಯದು. ಅಮೆರಿಕದ ರಕ್ಷಣಾ ಇಲಾಖೆ 2023ರಲ್ಲಿ ತನ್ನ ಸೈನಿಕರಿಗೆ ಗಸಗಸೆಯನ್ನೇ ತಿನ್ನಬೇಡಿ ಎಂದಿತು.

ಹಿತ್ತಲಿನ ಮಾತು. ಬೀಜ ಮೊಳೆಯಲೂಬಹುದು, ಆದರೆ ಬಿತ್ತಬೇಡಿ. ಬೀಜ ಮಾರಬಹುದು, ತಿನ್ನಬಹುದು. ಪರವಾನಗಿ ಇಲ್ಲದೆ ಗಿಡ ಬೆಳೆಸುವುದು ಅದೇ ಕಾಯ್ದೆಯ 18ನೇ ಕಲಮಿನಡಿ ಅಪರಾಧ, ಹತ್ತು ವರ್ಷದವರೆಗೆ ಸಜೆ ಇದೆ. ಪರವಾನಗಿ ಕೊಡುವುದು ಗ್ವಾಲಿಯರಿನ ಕೇಂದ್ರ ಮಾದಕ ವಸ್ತು ಬ್ಯೂರೋ, ಅದೂ ಮಧ್ಯಪ್ರದೇಶ, ರಾಜಸ್ಥಾನ, ಉತ್ತರಪ್ರದೇಶದ ಗೊತ್ತುಪಡಿಸಿದ ಪ್ರದೇಶಗಳಲ್ಲಿ ಮಾತ್ರ. ಮಂದಸೌರ್, ನೀಮಚ್, ಚಿತ್ತೋಡಗಢದ ರೈತರು ಅಕ್ಟೋಬರ್ ಕೊನೆಗೆ, ನವೆಂಬರಿಗೆ ಬಿತ್ತುತ್ತಾರೆ. ಫೆಬ್ರವರಿ–ಮಾರ್ಚಿನಲ್ಲಿ ಹಸಿ ಕಾಯಿಗೆ ಮಧ್ಯಾಹ್ನ ಗೀರು ಹಾಕಿ, ರಾತ್ರಿಯಿಡೀ ಒಸರಿ ಗಟ್ಟಿಯಾದ ಹಾಲನ್ನು ಮರುದಿನ ಬೆಳಗ್ಗೆ ಕೆರೆದು ತೆಗೆಯುತ್ತಾರೆ. ಗೀರು ಒಂದೆರಡು ಮಿಲಿಮೀಟರಿಗಿಂತ ಆಳ ಹೋದರೆ ಹಾಲು ಕಾಯಿಯ ಒಳಕ್ಕೇ ಇಳಿದು ಬೀಜವೂ ಕೆಡುತ್ತದೆ. ಆ ರಾತ್ರಿ ಮಳೆ ಬಂದರೆ ಎಲ್ಲ ತೊಳೆದುಹೋಯಿತು. ಆದರೂ ರೈತ ನಿಗದಿಯಾದಷ್ಟು ಒಪ್ಪಿಸಲೇಬೇಕು, ಕಡಿಮೆ ಬಿದ್ದರೆ ಮರುವರ್ಷದ ಪರವಾನಗಿಗೆ ಕುತ್ತು. ಅಫೀಮೆಲ್ಲ ಸರ್ಕಾರಕ್ಕೆ, ನೀಮಚ್ ಮತ್ತು ಗಾಜೀಪುರದ ಕಾರ್ಖಾನೆಗಳ ಮೂಲಕ ನೋವಿನ ಔಷಧಕ್ಕೆ ಹೋಗುತ್ತದೆ. ಬೀಜ ಮಾತ್ರ ರೈತನದು, ಅದು ಮಂಡಿಗೆ ಬರುತ್ತದೆ. ಸರ್ಕಾರ ಕೊಡುವ ಬೆಲೆಗೂ ಕಳ್ಳಪೇಟೆಯ ಬೆಲೆಗೂ ಇರುವ ದೂರವೇ ಇಲ್ಲಿ ಕಳ್ಳಸಾಗಣೆಯ ಬೇರು. ರೈತನ ಕಷ್ಟ ನೋಡದೆ ಬರೀ ಪೊಲೀಸರಿಂದ ಅದು ನಿಲ್ಲುವುದಿಲ್ಲ.

ಗಾಜೀಪುರದ ಕಾರ್ಖಾನೆ ಶುರುವಾಗಿದ್ದು 1820ರಲ್ಲಿ, ಔಷಧಕ್ಕಲ್ಲ. ಈಸ್ಟ್ ಇಂಡಿಯಾ ಕಂಪನಿ ಗಂಗೆಯ ಬಯಲಿನ ರೈತರಿಗೆ ಮುಂಗಡ ಕೊಟ್ಟು ಬೆಳೆಸಿ, ಕಲ್ಕತ್ತದಲ್ಲಿ ಹರಾಜು ಹಾಕಿ, ಚೀನಾಕ್ಕೆ ಕಳ್ಳದಾರಿಯಲ್ಲಿ ಸಾಗುವಂತೆ ನೋಡಿಕೊಂಡಿತು. 1839ರಲ್ಲಿ ಚೀನಾದ ಅಧಿಕಾರಿ ಲಿನ್ ಝೆಷೂ 20,000ಕ್ಕೂ ಹೆಚ್ಚು ಪೆಟ್ಟಿಗೆ ಅಫೀಮನ್ನು ಹುಮೆನ್ ಕಡಲತೀರದ ಹೊಂಡಗಳಲ್ಲಿ ಉಪ್ಪು, ಸುಣ್ಣ ಬೆರೆಸಿ ಕರಗಿಸಿದ. ಬ್ರಿಟನ್ ಯುದ್ಧ ಹೂಡಿತು, 1842ರಲ್ಲಿ ಹಾಂಗ್‌ಕಾಂಗ್ ಚೀನಾದ ಕೈಬಿಟ್ಟುಹೋಯಿತು. ಸರ್ಕಾರದ ಮಾತಿಗೆ ಈ ಬೆಳೆ ಏರಿಳಿಯುವುದಕ್ಕೆ ಈಚಿನ ಉದಾಹರಣೆ ಅಫ್ಘಾನಿಸ್ತಾನ: 2022ರ ನಿಷೇಧದ ನಂತರ ಅಲ್ಲಿನ ಬೆಳೆ ಒಂದೇ ವರ್ಷದಲ್ಲಿ ಶೇ. 95ರಷ್ಟು ಇಳಿಯಿತು, 2023ರಲ್ಲಿ ಅಫೀಮು ಉತ್ಪಾದನೆಯಲ್ಲಿ ಮ್ಯಾನ್ಮಾರ್ ಮೊದಲ ಸ್ಥಾನಕ್ಕೆ ಬಂತು.

‘ಅಫೀಮು’ ಎಂಬ ಮಾತಿಗೂ ಒಂದು ಪಯಣವಿದೆ. ಗ್ರೀಕಿನಲ್ಲಿ ರಸ ಎಂಬರ್ಥದ ‘ಓಪಿಯಾನ್’, ಅರಬ್ಬಿಯಲ್ಲಿ ‘ಅಫ್ಯೂನ್’. ನಮ್ಮ ಪಂಡಿತರು ಅದನ್ನು ‘ಅಹಿಫೇನ’, ಹಾವಿನ ನೊರೆ, ಎಂದು ಸಂಸ್ಕೃತಕ್ಕೆ ತಂದುಕೊಂಡರು. ಚರಕ, ಸುಶ್ರುತರಲ್ಲಿ ಇಲ್ಲದ ಈ ಮದ್ದು ಆಮೇಲಿನ ವೈದ್ಯಗ್ರಂಥವಾದ ಶಾರ್ಙ್ಗಧರ ಸಂಹಿತೆಯಲ್ಲಿ ಕಾಣಿಸುತ್ತದೆ. ಅದಕ್ಕೂ ಎಷ್ಟೋ ಮುಂಚೆ ಗ್ರೀಕ್ ಕವಿ ಹೋಮರನ ಇಲಿಯಡ್ ಕಾವ್ಯದಲ್ಲಿ, ಬಾಣ ತಗುಲಿದ ತರುಣನ ತಲೆ ಬೀಜದ ಭಾರಕ್ಕೂ ಮಳೆಗೂ ಬಾಗಿದ ಗಸಗಸೆಯಂತೆ ವಾಲುತ್ತದೆ.

ಯುದ್ಧದಲ್ಲಿ ಸತ್ತವರ ನೆನಪಿಗೆ ಕೋಟಿಗೆ ಸಿಕ್ಕಿಸುವ ಕೆಂಪು ಹೂ ಇದೇ ಕುಲದ್ದು, ಆದರೆ ಬೇರೆ ಗಿಡ. ಗೋಧಿ ಹೊಲಗಳ ಕಳೆ, ಮಾರ್ಫಿನ್ ಇಲ್ಲ. ಅದರ ಬೀಜ ಮಣ್ಣಿನಡಿ ವರ್ಷಾನುಗಟ್ಟಲೆ ಮಲಗಿದ್ದು, ನೆಲ ಕೆದರಿ ಬೆಳಕು ಬಿದ್ದಾಗ ಮೊಳೆಯುತ್ತದೆ. ಮೊದಲ ಮಹಾಯುದ್ಧದ ಫಿರಂಗಿಗಳು ಬೆಲ್ಜಿಯಮ್ಮಿನ ನೆಲವನ್ನು ಉತ್ತುಹಾಕಿದ್ದರಿಂದಲೇ ಗೋರಿಗಳ ನಡುವೆ ಅದು ಅಷ್ಟೊಂದು ಅರಳಿತು. ಕೆನಡಾದ ಸೇನಾ ವೈದ್ಯ ಜಾನ್ ಮೆಕ್‌ಕ್ರೇ 1915ರಲ್ಲಿ ಪದ್ಯ ಬರೆದದ್ದು ಅದನ್ನು ಕಂಡು.

ನಿಮ್ಮ ಬೇಲಿಯ ಮುಳ್ಳುಗಿಡ ಅರಿಶಿನ ದತ್ತೂರಿ ಇರಬೇಕು. ಎಲೆ ಮುರಿದರೆ ಹಳದಿ ಹಾಲು ಬಂದರೆ ಅದೇ. ಅಮೆರಿಕ ಖಂಡದಿಂದ ಬಂದದ್ದು, ಗಸಗಸೆಯದೇ ಕುಟುಂಬ, ಅಫೀಮಿಲ್ಲ. ಆದರೆ ಬೀಜ ವಿಷ, ನೋಡಲು ಸಾಸಿವೆಯಂತೆ. 1998ರಲ್ಲಿ ದೆಹಲಿಯಲ್ಲಿ ಇದರ ಎಣ್ಣೆ ಸಾಸಿವೆ ಎಣ್ಣೆಗೆ ಬೆರೆತು, ಕಾಲು ಬಾತು, ಉಸಿರುಕಟ್ಟಿ 60ಕ್ಕೂ ಹೆಚ್ಚು ಜನ ಸತ್ತರು. ಕಾಯಿ ಒಣಗಿ ಒಡೆಯುವ ಮುಂಚೆ, ಕೈಗೆ ಗೋಣಿತಟ್ಟು ಸುತ್ತಿಕೊಂಡು ಬೇರುಸಮೇತ ಕಿತ್ತುಹಾಕಿ.