ಅಲ್ಜೀರಿಯಾದವರಿಗೆ ಫ್ರಾನ್ಸಿನ ಮೇಲೆ ಅಷ್ಟು ಸಿಟ್ಟಿದ್ದರೂ ಫ್ರೆಂಚ್ ಏಕೆ ಬಿಟ್ಟಿಲ್ಲ?

ಇದೇ ಪ್ರಶ್ನೆಯನ್ನು ಓರಾನ್ ನಗರದಲ್ಲಿ ಕೇಳಿ ನಾನು ಬೈಸಿಕೊಂಡವನು. ಕಟ್ಟಡ ಕಾಮಗಾರಿಯೊಂದರ ಲೆಕ್ಕಪತ್ರ ನೋಡಿಕೊಳ್ಳಲು ಹೋಗಿ ಎರಡು ವರ್ಷ ಅಲ್ಲಿದ್ದೆ. ಜೊತೆಗಿದ್ದ ಹಿರಿಯ ಎಂಜಿನಿಯರ್ ಒಬ್ಬರ ತಂದೆ ಸ್ವಾತಂತ್ರ್ಯ ಯುದ್ಧದಲ್ಲಿ ಮಡಿದವರು. "ಫ್ರಾನ್ಸ್ ನಮಗೆ ಫ್ರೆಂಚ್ ಕಲಿಸಿತು ಎಂದು ನಿಮಗೆ ಹೇಳಿದವರು ಯಾರು?" ಎಂದು ಅವರು ಗದರಿದರು. ಗದರಿದ್ದೂ ಫ್ರೆಂಚಿನಲ್ಲೇ.

ಮಾತಿನಲ್ಲಿ ಹುರುಳಿತ್ತು. 1830ರಲ್ಲಿ ಕಾಲಿಟ್ಟ ಫ್ರಾನ್ಸ್ ಆ ದೇಶವನ್ನು ತನ್ನದೇ ನೆಲ ಎನ್ನುತ್ತಿತ್ತು. ಅಲ್ಲಿಯವರ ಮಕ್ಕಳಲ್ಲಿ ಹೆಚ್ಚಿನವರನ್ನು ಮಾತ್ರ ಶಾಲೆಯಿಂದ ದೂರವೇ ಇಟ್ಟಿತ್ತು. 1962ರಲ್ಲಿ ಅದು ಹೊರಟುಹೋದಾಗ ಬಹುಪಾಲು ಜನರಿಗೆ ಓದುಬರಹವೇ ಬರುತ್ತಿರಲಿಲ್ಲ. ಫ್ರೆಂಚ್ ಊರೂರಿಗೆ ಹರಡಿದ್ದು ಆಮೇಲೆ, ಸ್ವತಂತ್ರ ಸರ್ಕಾರ ತೆರೆದ ಶಾಲೆಗಳಿಂದ. ಹಾಗಾಗಿಯೇ ಲೇಖಕ ಕಾತೆಬ್ ಯಾಸಿನ್ ಅದನ್ನು ಯುದ್ಧದಲ್ಲಿ ಸಿಕ್ಕ ಕೊಳ್ಳೆ ಎಂದದ್ದು ಅವರಿಗೆಲ್ಲ ಬಾಯಿಪಾಠ. ಕೊಳ್ಳೆ ಹೊಡೆದ ಮಾಲನ್ನು ಯಾರು ವಾಪಸು ಕೊಡುತ್ತಾರೆ?

ಸಿಟ್ಟು ಇಲ್ಲವೆಂದಲ್ಲ. ಒಮ್ಮೆ ಔಷಧದ ಅಂಗಡಿಯಲ್ಲಿ ನನ್ನ ಮುಂದೆ ಒಬ್ಬ ಅಜ್ಜಿ ನಿಂತಿದ್ದರು. ವೈದ್ಯರ ಚೀಟಿ ಫ್ರೆಂಚಿನಲ್ಲಿತ್ತು, ಅಜ್ಜಿಗೆ ಒಂದಕ್ಷರವೂ ತಿಳಿಯದು. ಅಂಗಡಿಯವನು ಆಡುಮಾತಿನ ಅರಬ್ಬಿಯಲ್ಲಿ ವಿವರಿಸಿ, ಮಾತ್ರೆಯ ಡಬ್ಬಿಯ ಮೇಲೆ ಹೊತ್ತಿಗೊಂದರಂತೆ ಮೂರು ಗೆರೆ ಎಳೆದುಕೊಟ್ಟ. ಅವರ ಜೊತೆ ಬಂದಿದ್ದ ಮೊಮ್ಮಗನ ಮುಖ ಕೆಂಪಾಗಿತ್ತು. ಮುಂದೆ ಅರಬ್ಬಿಗೆ ತಿರುಗಿದ ಶಾಲೆಗಳಲ್ಲಿ ಎಲ್ಲವನ್ನೂ ಅರಬ್ಬಿಯಲ್ಲಿ ಓದಿದ ಅಂಥ ಹುಡುಗರು ವೈದ್ಯಕೀಯಕ್ಕೆ ಸೇರಿದರೆ 2025ರವರೆಗೆ ಅಲ್ಲಿ ಪಾಠ ಫ್ರೆಂಚಿನಲ್ಲೇ ಇತ್ತು. ಮನೆಯಲ್ಲೇ ಫ್ರೆಂಚ್ ಕೇಳಿ ಬೆಳೆದವರು ಮುಂದೆ ಹೋಗುತ್ತಿದ್ದರು. ಅರಬ್ಬಿಯಲ್ಲಿ ಓದಿದ ಹುಡುಗರ ಹೊಟ್ಟೆಯುರಿ ಹೆಚ್ಚಾಗಿ ಇದರದ್ದು, ಪ್ಯಾರಿಸ್ಸಿನದ್ದಲ್ಲ ಎಂದು ನನಗನ್ನಿಸುತ್ತದೆ. ತೀರಾ ನಯವಾದ ಫ್ರೆಂಚ್ ಆಡಿದರೆ 'ಹಿಜ್ಬ್ ಫ್ರಾನ್ಸಾ', ಅಂದರೆ ಫ್ರಾನ್ಸಿನ ಪಕ್ಷದವನು, ಎಂಬ ಬೈಗುಳ. ತಡವರಿಸಿದರೆ ಕಚೇರಿಯಲ್ಲಿ ನಗೆ. ಅತ್ತ ದರಿ, ಇತ್ತ ಪುಲಿ. (ಕಾರಿಗೆ ಮಾತ್ರ ಎಲ್ಲರೂ 'ಟೊಮೊಬಿಲ್' ಎನ್ನುತ್ತಾರೆ, ಅದನ್ನು ಯಾರೂ ಫ್ರೆಂಚ್ ಎಂದುಕೊಳ್ಳುವುದಿಲ್ಲ.)

2022ರಿಂದ ಪ್ರಾಥಮಿಕ ಮೂರನೆಯ ತರಗತಿಗೇ ಇಂಗ್ಲಿಷ್ ಬಂದಿದೆ. ಇಂಗ್ಲಿಷಿನ ಬೆನ್ನ ಮೇಲೆ ಅಲ್ಲಿ ಹಳೆಯ ಗಾಯವಿಲ್ಲ, ಅದಕ್ಕೇ ಹುಡುಗರಿಗೆ ಅದು ಹಗುರ. ನಮ್ಮ ಎಂಜಿನಿಯರ್ ಕೂಡ ಮೊಮ್ಮಗಳಿಗೆ ಇಂಗ್ಲಿಷ್ ಪಾಠ ಹೇಳಿಸುತ್ತಿದ್ದರು. ಆ ಪಾಠದ ಶುಲ್ಕದ ನೋಟುಗಳನ್ನು ಮಾತ್ರ ಬಾಯಲ್ಲೇ ಫ್ರೆಂಚಿನಲ್ಲಿ ಎಣಿಸುತ್ತಿದ್ದರು, ತೊಂಬತ್ತಕ್ಕೆ 'ನಾಲ್ಕು ಇಪ್ಪತ್ತು ಹತ್ತು' ಎನ್ನುವ ಆ ಸುತ್ತುಬಳಸಿನ ಲೆಕ್ಕದಲ್ಲಿ.